ಗಾಳಿಗೂ ಬಾಡಿಗೆ

ನಂತೂರಿನಲ್ಲಿ ನಮ್ಮ ನೆರೆಮನೆಯ ಅಕ್ಕ ಬೇಸಗೆಯಲ್ಲಿ ಹಲಸಿನ ಹಪ್ಪಳ ಮಾಡಿ ಅಂತರ್ಜಾಲದ ಅಂಗಡಿಯ ಮೂಲಕ ಮಾರುವವರು. ಮಳೆಗಾಲದ ವ್ಯಾಪಾರಕ್ಕೆಂದು ಅರುವತ್ತು ಪೆಟ್ಟಿಗೆಗಳನ್ನು ಒಂದೇ ಸಲ ಆ ಅಂಗಡಿಯ ಗೋದಾಮಿಗೆ ಕಳುಹಿಸಿದರು. ತಿಂಗಳ ಕೊನೆಗೆ ಬಾಡಿಗೆಯ ಪಟ್ಟಿ ಬಂದಿತು. ಲಾಭದ ಬಹುಪಾಲು ಅದರಲ್ಲೇ ಕರಗಿತ್ತು.

“ಹಪ್ಪಳ ಇಷ್ಟು ಹಗುರ, ಬಾಡಿಗೆ ಇಷ್ಟು ಭಾರವೇ ಮಾರಾಯ್ರೇ?” ಎಂದರು.

ಗೋದಾಮಿಗೆ ತೂಕದ ಗೊಡವೆಯಿಲ್ಲ. ಅದು ಎಣಿಸುವುದು ಜಾಗವನ್ನು, ದಿನಗಳನ್ನು. ಪೆಟ್ಟಿಗೆಯ ಉದ್ದ, ಅಗಲ, ಎತ್ತರಗಳನ್ನು ಅಂಗುಲದಲ್ಲಿ ಅಳೆದು ಗುಣಿಸಿ, 1,728ರಿಂದ ಭಾಗಿಸಿದರೆ ಘನ ಅಡಿ ದೊರೆಯುತ್ತದೆ. ಅಕ್ಕನ ಪೆಟ್ಟಿಗೆ 12, 12, 6 ಅಂಗುಲ; ಎಂದರೆ ಅರ್ಧ ಘನ ಅಡಿ. ಅರುವತ್ತಕ್ಕೆ 30. ಸಾಮಾನ್ಯವಾಗಿ ದಿನದಿನದ ದಾಸ್ತಾನಿನ ಸರಾಸರಿಗೆ ತಿಂಗಳ ದರ ಕಟ್ಟುತ್ತಾರೆ: ಹದಿನೈದು ದಿನ 30, ಮಿಕ್ಕ ಹದಿನೈದು ದಿನ 10 ಇದ್ದರೆ ಬಾಡಿಗೆ 20 ಘನ ಅಡಿಗೆ. ಮೇಲೆ ಶೇಕಡಾ 18 ತೆರಿಗೆ. ಬಹುಕಾಲ ಕದಲದ ಸರಕಿಗೆ ಹೆಚ್ಚುವರಿ ಶುಲ್ಕವೂ ಉಂಟು.

ಮನೆಯಲ್ಲಿ ಉಳಿದಿದ್ದ ಪೆಟ್ಟಿಗೆಯೊಂದನ್ನು ತೆರೆದು ನೋಡಿದೆವು: ಹಪ್ಪಳದ ಮೇಲೆ ಎರಡಂಗುಲ ಬರಿಯ ಗಾಳಿ! ಎತ್ತರವನ್ನು 4 ಅಂಗುಲಕ್ಕಿಳಿಸಿದರೆ ಅರುವತ್ತು ಪೆಟ್ಟಿಗೆಗಳೂ 20 ಘನ ಅಡಿಯಲ್ಲಿ ಅಡಗುತ್ತವೆ.

“ಗಾಳಿಗೂ ಬಾಡಿಗೆ ತೆತ್ತೆನಲ್ಲ!” ಎಂದು ಅಕ್ಕ ನಕ್ಕರು. ಈಗ ಅವರ ತಕ್ಕಡಿಯ ಪಕ್ಕದಲ್ಲಿ ಅಳತೆಯ ಪಟ್ಟಿಯೊಂದು ತೂಗುತ್ತಿದೆ. ಸರಕೂ ಹದಿನೈದು ದಿನಕ್ಕೆ ಬೇಕಾದಷ್ಟೇ ಹೊರಡುತ್ತಿದೆ.