ಪಾಯಿಂಟ್ಸ್ ಸಿಗದ ಸೇವೆ

ವಿಟಿಯು ವಿದ್ಯಾರ್ಥಿಗಳಾದ ನಮಗೆ ಡಿಗ್ರಿ ಮುಗಿಯೋದರೊಳಗೆ 100 ಆಕ್ಟಿವಿಟಿ ಪಾಯಿಂಟ್ಸ್ ಬೇಕು. ಗಿಡ ನೆಡಬೇಕು, ಹಳ್ಳಿಗೆ ಹೋಗಬೇಕು, ಫೋಟೋ ತೆಗೆದು ರಿಪೋರ್ಟ್ ಬರೀಬೇಕು. ಇದು ತಪ್ಪು ಅಂತ ನಾವು ಹೇಳ್ತಿಲ್ಲ. ಪಾಯಿಂಟ್ಸ್ ಇಲ್ಲದಿದ್ದರೆ ಎಷ್ಟೋ ಜನ ಹಳ್ಳಿ ಕಡೆ ತಲೆನೂ ಹಾಕ್ತಿರಲಿಲ್ಲ. ಆದರೆ ಫೋಟೋಗೆ ಸಿಗದಷ್ಟು ಸಣ್ಣ ಕೆಲಸಗಳೂ ಇರ್ತಾವಲ್ಲ, ಅವುಗಳಿಗೆ ಏನು ಬೆಲೆ?

ಈ ಪ್ರಶ್ನೆಗೆ ಕ್ರೈಸ್ತ ಧರ್ಮದಲ್ಲಿ ಒಂದು ಹಳೆಯ ಉತ್ತರ ಇದೆ. ಕ್ರಿಸ್ಮಸ್ ಅಂದರೆ ಕೇಕ್ ಮತ್ತು ನಕ್ಷತ್ರ ಅಷ್ಟೇ ಅಂದುಕೊಂಡವರೂ ಕೇಳಬೇಕಾದ ಉತ್ತರ ಅದು. ಸಣ್ಣವರಲ್ಲಿ ಒಬ್ಬರಿಗೆ ಒಂದು ಲೋಟ ತಣ್ಣೀರು ಕೊಟ್ಟರೂ ಅದರ ಫಲ ವ್ಯರ್ಥ ಆಗೋದಿಲ್ಲ ಅನ್ನುವ ಅರ್ಥದ ಮಾತು ಮತ್ತಾಯನ ಸುವಾರ್ತೆಯಲ್ಲಿ ಬರುತ್ತೆ. ತಂಪು ಊರಿನವರಿಗೆ ಇದು ಬರೀ ಉಪಮೆ ಅನ್ನಿಸಬಹುದು. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ರಾಯಚೂರಿನಲ್ಲಿ ಅರವಟ್ಟಿಗೆ ಮುಂದೆ ನಿಂತವರಿಗೆ ಇದನ್ನ ಬಿಡಿಸಿ ಹೇಳಬೇಕಿಲ್ಲ. ಬೆಳಿಗ್ಗೆ ಆ ಮಡಕೆ ತುಂಬಿದವರು ಯಾರು ಅಂತ ನೀರು ಕುಡಿದವರಿಗೆ ಗೊತ್ತಿರಲ್ಲ. ದಾನ ಕೊಟ್ಟದ್ದು ಎಡಗೈಗೂ ತಿಳಿಯಬಾರದು ಅಂತ ಅದೇ ಸುವಾರ್ತೆ ಹೇಳೋದು ಇದನ್ನೇ.

ಯೋಹಾನನ ಸುವಾರ್ತೆಯ ಒಂದು ಘಟನೆ ಇನ್ನೂ ನೇರವಾಗಿದೆ. ಸಾಯುವ ಹಿಂದಿನ ರಾತ್ರಿ ಯೇಸು ಸೊಂಟಕ್ಕೆ ಟವೆಲ್ ಕಟ್ಟಿಕೊಂಡು ಶಿಷ್ಯರ ಕಾಲು ತೊಳೀತಾನೆ. ಧೂಳಿನ ದಾರಿಯಲ್ಲಿ ನಡೆದು ಬಂದ ಕಾಲು ತೊಳೆಯೋದು ಆ ಕಾಲಕ್ಕೆ ಆಳಿನ ಕೆಲಸ. ಪೇತ್ರನಿಗೆ ಮುಜುಗರ ಆಗುತ್ತೆ, ಬೇಡ ಅಂತಾನೆ. ಇವತ್ತಿಗೂ ಈಸ್ಟರ್ ಹಿಂದಿನ ಗುರುವಾರ ಎಷ್ಟೋ ಚರ್ಚುಗಳಲ್ಲಿ ಪಾದ್ರಿಗಳು ಜನರ ಕಾಲು ತೊಳೀತಾರೆ. ಕೀಳು ಅಂತ ನಾವು ಬೇರೆಯವರಿಗೆ ಬಿಟ್ಟ ಕೆಲಸದಲ್ಲೇ ದೇವರು ಬಗ್ಗಿ ಕೂತಿದ್ದಾನೆ ಅನ್ನೋದು ಇದರ ಅರ್ಥ ಅಂತ ನಮಗೆ ಅನ್ನಿಸುತ್ತೆ.

ಇದನ್ನ ದಿನದಿನವೂ ಬದುಕಿ ತೋರಿಸಿದವರು ಫ್ರಾನ್ಸಿನ ಲಿಸ್ಯೂ ಪಟ್ಟಣದ ಸಂತ ತೆರೇಸಾ. ಕೋಲ್ಕತ್ತಾದ ಮದರ್ ತೆರೇಸಾ ತಮ್ಮ ಹೆಸರು ತಗೊಂಡದ್ದು ಇವರಿಂದಲೇ. 15ನೇ ವಯಸ್ಸಿಗೆ ಮಠ ಸೇರಿದರು, 1897ರಲ್ಲಿ ಕ್ಷಯದಿಂದ ತೀರಿಕೊಂಡಾಗ ಬರೀ 24. ಯಾವ ಆಸ್ಪತ್ರೆಯನ್ನೂ ಕಟ್ಟಲಿಲ್ಲ. ಮಠದಲ್ಲಿ ಸದಾ ಗೊಣಗುವ ಒಬ್ಬ ವಯಸ್ಸಾದ ಸಿಸ್ಟರ್ ಇದ್ದರು. ಸಂಜೆ ಅವರನ್ನ ಹಿಡಿದು ಊಟದ ಕೋಣೆಗೆ ಕರಕೊಂಡು ಹೋಗೋದು ತೆರೇಸಾ ತಾವಾಗೇ ಒಪ್ಪಿಕೊಂಡ ಕೆಲಸ. ಬೇಗ ನಡೆದರೂ ಬೈಗುಳ, ನಿಧಾನ ಮಾಡಿದರೂ ಬೈಗುಳ. ಆ ಸಿಸ್ಟರಿಗೆ ರೊಟ್ಟಿ ಕತ್ತರಿಸೋಕೆ ಕಷ್ಟ ಆಗೋದನ್ನ ಗಮನಿಸಿ, ಯಾರೂ ಹೇಳದೇ ಅದನ್ನೂ ಕತ್ತರಿಸಿಕೊಟ್ಟು ಬರ್ತಿದ್ದರು. ಇಂಥ ಪುಟ್ಟ ದಾರಿಯ ಈ ಹುಡುಗಿಯನ್ನ 1997ರಲ್ಲಿ ಕ್ಯಾಥೊಲಿಕ್ ಚರ್ಚ್ ತನ್ನ ಮಹಾ ಬೋಧಕರ ಸಾಲಿಗೆ ಸೇರಿಸಿತು.

ಈ ಮಾತು ನಮ್ಮ ನೆಲಕ್ಕೆ ಹೊಸದಲ್ಲ. ನಮ್ಮ ಜಿಲ್ಲೆಯ ಲಿಂಗಸುಗೂರು ಕಡೆಯ ಅಮರೇಶ್ವರದ ಆಯ್ದಕ್ಕಿ ಲಕ್ಕಮ್ಮ, ಗಂಡ ಮಾರಯ್ಯ ದಿನಕ್ಕಿಂತ ಜಾಸ್ತಿ ಅಕ್ಕಿ ಆಯ್ದು ತಂದಾಗ ವಾಪಸ್ ಸುರಿದು ಬಾ ಅಂದವಳು. ಕೆಳಗೆ ಬಿದ್ದ ಅಕ್ಕಿ ಆಯುವ ಕೆಲಸ ಅವರ ಪೂಜೆ, ದಾಸೋಹ ಎರಡೂ ಆಗಿತ್ತು. ಕಾಯಕ ಅಂದರೆ ಏನು ಅಂತ ಗೊತ್ತಿರುವ ಊರಿಗೆ ತೆರೇಸಾ ಪರಕೀಯಳಾಗಿ ಕಾಣಬಾರದು.

ಮಾನ್ವಿಯಲ್ಲಿ ಜೆಸ್ವಿಟ್ ಪಾದ್ರಿಗಳ ಲೊಯೋಲ ಶಾಲೆ ಇದೆ. ಇಂಥ ಸಂಸ್ಥೆಗಳ ಬಗ್ಗೆ ಮಾತಾಡುವಾಗ ನಾವು ಕಟ್ಟಡ, ರಿಸಲ್ಟ್ ನೋಡ್ತೀವಿ. ಆದರೆ ಅಪ್ಪ-ಅವ್ವ ಬೆಂಗಳೂರಿಗೆ ಗುಳೆ ಹೋದಾಗ ದೇವದುರ್ಗದ ಹಳ್ಳಿಯ ಮಗುವೊಂದು ಯಾವುದೋ ಹಾಸ್ಟೆಲಿನಲ್ಲಿ ಉಳಿದಿದ್ದರೆ, ಅದಕ್ಕೆ ಬೇಕಿರೋದು ರಾತ್ರಿ ಹಣೆ ಮುಟ್ಟಿ ಜ್ವರ ನೋಡುವ ಕೈ. ಬೆಳಿಗ್ಗೆ ತಲೆ ಬಾಚುವ, ‘ಉಂಡ್ಯೇನವಾ?’ ಅಂತ ಕೇಳುವ ಒಬ್ಬರು. ಇದು ಯಾವ ವಾರ್ಷಿಕ ವರದಿಗೂ ಬರಲ್ಲ.

‘ಜ್ವರ ನೋಡಿದರೆ ಗುಳೆ ನಿಲ್ಲುತ್ತಾ?’ ಅಂತ ಕೇಳಬಹುದು. ನಿಲ್ಲಲ್ಲ. ನೀರಾವರಿ, ಕೆಲಸ, ಸರಿಯಾದ ಕೂಲಿ ಕೇಳೋದು ಬಿಡಬಾರದು. ಆದರೆ ಅವೆಲ್ಲ ಬರೋವರೆಗೆ ಮಗುವಿನ ಜ್ವರ ಕಾಯೋದಿಲ್ಲವಲ್ಲ. ‘ಸೇವೆ ಹೆಸರಲ್ಲಿ ಮತಾಂತರ’ ಅನ್ನುವ ಮಾತೂ ಬರುತ್ತೆ. ಅದಕ್ಕೆ ನಮ್ಮ ಅಳತೆ ಒಂದೇ: ಪಡೆದವರಿಂದ ಏನಾದರೂ ವಾಪಸ್ ಕೇಳಿದರೆ ಅದು ಸೇವೆ ಅಲ್ಲ, ವ್ಯವಹಾರ. ಕೇಳೋದು ಧರ್ಮವೇ ಇರಲಿ, ಓಟೇ ಇರಲಿ, ಲೈಕೇ ಇರಲಿ. ಯಾರಿಗೂ ಕಾಣದ ಹಾಗೆ ರೊಟ್ಟಿ ಕತ್ತರಿಸಿಕೊಟ್ಟವಳು ಏನನ್ನೂ ಕೇಳಲಿಲ್ಲ.

ಹಾಗಾದರೆ ನಾವು ಏನು ಮಾಡಬಹುದು? ದೂರ ಹೋಗಬೇಕಿಲ್ಲ. ಕನ್ನಡ ಮೀಡಿಯಂನಿಂದ ಬಂದ ಗೆಳೆಯರು ಫಸ್ಟ್ ಸೆಮ್‌ನಲ್ಲಿ ಇಂಗ್ಲಿಷ್ ಲೆಕ್ಚರ್ ಅರ್ಥ ಆಗದೇ ಲಾಸ್ಟ್ ಬೆಂಚಿನಲ್ಲಿ ಸುಮ್ಮನೆ ಕೂತಿರ್ತಾರೆ. ನಮ್ಮಲ್ಲಿ ಇಂಗ್ಲಿಷ್ ಮೀಡಿಯಂನವರು ಬೇಕಾದಷ್ಟು ಜನ ಇದ್ದೀವಿ. ಇಂಟರ್ನಲ್ಸ್‌ಗೆ ಮುಂಚೆ ಒಂದು ಗಂಟೆ ಪಕ್ಕದಲ್ಲಿ ಕೂತು ಒಂದು ಮಾಡ್ಯೂಲ್ ಕನ್ನಡದಲ್ಲಿ ಹೇಳಿಕೊಡೋಣ. 100 ಪಾಯಿಂಟ್ಸ್ ಬೇರೆ ಕಡೆ ಗಳಿಸೋಣ, ಈ ಒಂದು ಗಂಟೆಯನ್ನ ರಿಪೋರ್ಟಿನಲ್ಲಿ ಬರೆಯೋದು ಬೇಡ.