ತಾಮ್ರಕ್ಕೆ ತೂಕ ಹಾಕುತ್ತೇವೆ, ಕೈಕೆಲಸಕ್ಕೆ?

ಅಜ್ಜಿ ಕಾಲದ ತಾಮ್ರದ ಹಂಡೆಯನ್ನು ಗುಜರಿಗೆ ಹಾಕಿದ ಮನೆಗಳು ನಮ್ಮ ಊರುಗಳಲ್ಲಿ ಒಂದೆರಡಲ್ಲ. ಗುಜರಿಯವರು ತಕ್ಕಡಿಗಿಟ್ಟು ಕೆ.ಜಿ.ಗೆ ಇಷ್ಟು ಅಂತಾರೆ. ನಾವು ದುಡ್ಡು ಎಣಿಸಿಕೊಂಡು ಒಳಗೆ ಹೋಗುತ್ತೇವೆ. ಆ ಹಂಡೆಯ ಮೇಲೆ ಬಿದ್ದ ಸಾವಿರಾರು ಸುತ್ತಿಗೆ ಏಟಿನ ಲೆಕ್ಕ ಯಾರೂ ಕೇಳುವುದಿಲ್ಲ. ಇದು ಸರಿಯಲ್ಲ ಎನ್ನುವುದು ನಮ್ಮ ಅಭಿಪ್ರಾಯ. ಯಾಕೆಂದು ತಿಳಿಯಲು ಪಂಜಾಬಿನ ಒಂದು ಊರನ್ನು ನೋಡೋಣ.

ಅಮೃತಸರದ ಹತ್ತಿರ ಜಂಡಿಯಾಲಾ ಗುರು ಎಂಬ ಪಟ್ಟಣವಿದೆ. ತಾಮ್ರ, ಹಿತ್ತಾಳೆ ಪಾತ್ರೆ ಮಾಡುವ ಠಠೇರರು ಅಲ್ಲಿದ್ದಾರೆ. 19ನೇ ಶತಮಾನದಲ್ಲಿ ಮಹಾರಾಜ ರಣಜಿತ್ ಸಿಂಗ್ ಕಾಶ್ಮೀರದ ಕುಶಲಕರ್ಮಿಗಳನ್ನು ಪಂಜಾಬಿಗೆ ಕರೆಸಿ ನೆಲೆ ಕೊಟ್ಟರು. 1947ರಲ್ಲಿ ದೇಶ ಇಬ್ಭಾಗವಾದಾಗ ಅಲ್ಲಿನ ಮುಸ್ಲಿಂ ಕುಶಲಕರ್ಮಿಗಳು ಪಾಕಿಸ್ತಾನಕ್ಕೆ ಹೋದರು. ಪಶ್ಚಿಮ ಪಂಜಾಬಿನಿಂದ ಮನೆಮಠ ಬಿಟ್ಟು ಬಂದ ಠಠೇರರು ಅಲ್ಲಿ ಬದುಕು ಕಟ್ಟಿಕೊಂಡರು. ಅಂದರೆ ಆ ಊರಿಗೆ ಹೆಸರು ತಂದದ್ದು ಹೊರಗಿನಿಂದ ಬಂದ ಕೈಗಳೇ.

ಕೆಲಸ ಸುಲಭದ್ದಲ್ಲ. ಲೋಹವನ್ನು ಕರಗಿಸಿ, ತಟ್ಟಿ ತಗಡು ಮಾಡಬೇಕು. ನೆಲದಲ್ಲಿ ಹೂತ ಸಣ್ಣ ಸೌದೆ ಒಲೆಗೆ ತಿದಿಯಿಂದ ಗಾಳಿ ಊದುತ್ತಾ, ಕಾವು ಹೆಚ್ಚು ಕಡಿಮೆಯಾಗದಂತೆ ಕಾಯಿಸಿ, ಬಡಿದು ಬಾಗಿಸಬೇಕು. ಆಮೇಲೆ ಹುಣಸೆ ರಸ, ಮರಳು ಹಾಕಿ ಕೈಯಿಂದಲೇ ಉಜ್ಜಿ ಹೊಳಪು ತರಬೇಕು. ಈ ವಿದ್ಯೆ ಪುಸ್ತಕದಲ್ಲಿಲ್ಲ, ಅಪ್ಪನಿಂದ ಮಗನಿಗೆ ಬರುತ್ತದೆ. 2014ರಲ್ಲಿ ಯುನೆಸ್ಕೊ ಇದನ್ನು ತನ್ನ ಪರಂಪರೆಯ ಪಟ್ಟಿಗೆ ಸೇರಿಸಿತು.

ಆದರೆ ಪಟ್ಟಿಯಲ್ಲಿ ಹೆಸರು ಬಂದ ಮಾತ್ರಕ್ಕೆ ಹೊಟ್ಟೆ ತುಂಬುವುದಿಲ್ಲ. ಸ್ಟೀಲು, ಅಲ್ಯೂಮಿನಿಯಂ, ಮೆಷಿನ್ ಪಾತ್ರೆ ಬಂದ ಮೇಲೆ ಕೊಳ್ಳುವವರು ಕಡಿಮೆಯಾದರು. ದಿನವಿಡೀ ಬಡಿದರೂ ಕೂಲಿ ಗಿಟ್ಟದಿದ್ದರೆ ಮಗ ಆ ಸುತ್ತಿಗೆ ಯಾಕೆ ಹಿಡಿಯುತ್ತಾನೆ?

ಈಗ ನಮ್ಮೂರಿಗೆ ಬರೋಣ. ಪಾತ್ರೆಗೆ ಕಲಾಯಿ ಹಾಕುವವರು ಊರೂರು ತಿರುಗುತ್ತಾ ಬಂದು ಮರದ ಕೆಳಗೆ ಒಲೆ ಹೂಡುತ್ತಿದ್ದರು. ಪಾತ್ರೆ ಕಾಯಿಸಿ, ನವಸಾಗರ ಹಾಕಿ, ತವರ ಸವರಿದರೆ ಒಳಗೆಲ್ಲ ಬೆಳ್ಳಿಯಂತೆ ಹೊಳೆಯುತ್ತಿತ್ತು. ಕಲಾಯಿ ಇಲ್ಲದ ತಾಮ್ರದಲ್ಲಿ ಹುಳಿ ಅಡುಗೆ ಮಾಡಬಾರದು ಎಂದು ಅಜ್ಜಿಯರಿಗೆ ಗೊತ್ತಿತ್ತು. ಈಗಲೂ ಅಂಥವರು ಬಂದರೆ ನಾವು ಮೊದಲು ಕೇಳುವುದು ‘ಯಾವೂರವರು?’ ಎಂದು. ಆಮೇಲೆ ಹತ್ತು ರೂಪಾಯಿಗೆ ಚೌಕಾಸಿ.

ತಾಮ್ರ ದುಬಾರಿ, ಎಲ್ಲರೂ ಕೊಳ್ಳಲು ಆಗುವುದಿಲ್ಲ ಎನ್ನುವಿರಿ. ನಿಜ. ನಾವು ಹೊಸದು ಕೊಳ್ಳಿ ಎನ್ನುತ್ತಿಲ್ಲ. ಅಟ್ಟದ ಮೇಲಿರುವುದನ್ನು ಗುಜರಿಗೆ ಹಾಕಬೇಡಿ. ತೂತಾಗಿದ್ದರೆ ಬೆಸುಗೆ ಹಾಕಿಸಿ, ಸವೆದಿದ್ದರೆ ಕಲಾಯಿ ಮಾಡಿಸಿ. ಕೆಲಸಕ್ಕೆ ಬಂದವರಿಗೆ ನೆರಳು, ನೀರು, ಕೇಳಿದ ಕೂಲಿ ಕೊಡಿ.

ಪರ ಊರಿನ ಕೈಗಳನ್ನು ಒಬ್ಬ ರಾಜ ಕರೆದು ಕೂರಿಸಿದ್ದಕ್ಕೆ ಆ ಕಸುಬು ಇನ್ನೂರು ವರ್ಷ ಬಾಳಿತು. ನಮ್ಮೂರ ಮರದ ಕೆಳಗೆ ಒಂದು ದಿನ ಜಾಗ ಕೊಡುವುದು ನಮಗೇನೂ ಭಾರವಲ್ಲ.