ಮನೆ ಯಾರ ಹೆಸರಿಗೆ?

ಮದುವೆಯನ್ನು ನಮ್ಮ ತಂದೆಯವರೇ ಮಾಡಿ ನೋಡಿದರು. ಮನೆಯನ್ನು ಮಾತ್ರ ನನ್ನ ಪಾಲಿಗೆ ಬಿಟ್ಟರು. ಹೋದ ರವಿವಾರ ನಾವಿಬ್ಬರೂ ಧಾಯರಿಯ ಕಡೆ ಒಂದು ಫ್ಲ್ಯಾಟು ನೋಡಿಬಂದೆವು. ಬೆಲೆ 50 ಲಕ್ಷ. ಎರಡು ವರ್ಷದ ಹಿಂದೆ ಅದೇ ಓಣಿಯಲ್ಲಿ ಅಂಥದಕ್ಕೇ 42 ಲಕ್ಷ ಕೇಳಿದ್ದರು; "ಇನ್ನಷ್ಟು ಕೂಡಿಸೋಣ" ಎಂದ ಜಾಣ ನಾನೇ.

ವಾಚಕರಲ್ಲಿ ಹಲವರು ತಿಂಗಳ ಕಂತನ್ನಷ್ಟೇ ಲೆಕ್ಕ ಹಾಕುತ್ತಾರೆ. ನನ್ನನ್ನು ಹೆದರಿಸಿದ್ದು ಕಂತಲ್ಲ, ಕೈಯಿಂದ ಹಾಕಬೇಕಾದ ಹಣ. ಸಾಲವು 30 ಲಕ್ಷ ದಾಟಿತೆಂದರೆ ಬ್ಯಾಂಕು ಬೆಲೆಯ ನೂರಕ್ಕೆ 80ಕ್ಕಿಂತ ಹೆಚ್ಚು ಕೊಡುವಂತಿಲ್ಲ. ಉಳಿದ 10 ಲಕ್ಷ ನಮ್ಮದು. ಪುಣೆಯಲ್ಲಿ ಸ್ಟಾಂಪು ಡ್ಯೂಟಿ, ಮೆಟ್ರೋದ ಪಾಲೂ ಸೇರಿ, ನೂರಕ್ಕೆ 7, ನೋಂದಣಿಗೆ 30,000. ಇವೆರಡನ್ನೂ ಬ್ಯಾಂಕು ಬೆಲೆಯಲ್ಲಿ ಹಿಡಿಯುವುದೇ ಇಲ್ಲ. ಒಟ್ಟು 13 ಲಕ್ಷ 80 ಸಾವಿರ!

ತಂದೆಯವರು ಊರಿನಿಂದ ಫೋನು ಮಾಡಿ, "ಹಳ್ಳದ ದಂಡಿ ಎರಡು ಎಕರೆ ಮಾರಿಬಿಡೂಣು, ನೀ ಚಿಂತಿ ಮಾಡಬ್ಯಾಡ" ಎಂದರು. ಚಿಂತೆ ಹತ್ತಿದ್ದೇ ಆಮೇಲೆ. ಇಂದಿಗೂ ನಾವಿಲ್ಲಿ ತಿನ್ನುವುದು ಆ ಹೊಲದ ಜೋಳ.

ಮನೆಯಾಕೆ ಎಂದಳು: "ಹೊಲ ಇರ್ಲಿ ಬಿಡ್ರಿ. ಬರೇ ಹೆಣ್ಮಕ್ಕಳ ಹೆಸರಿಗೆ ತಗೊಂಡ್ರ ನೂರಕ್ಕ ಒಂದು ರಿಯಾಯಿತಿ ಅದ ಅಂತ."

ನಿಜವೇ. ಮಹಾರಾಷ್ಟ್ರದಲ್ಲಿ 2021ರಿಂದ ಹಾಗಿದೆ. ಗಂಡನ ಹೆಸರು ಜೊತೆಗೆ ಸೇರಿತೋ, ಅದು ಸಿಗದು. ನನ್ನ ಹೆಸರಿನ ಬೆಲೆ 50,000 ಎಂದಾಯಿತು.

"ಬಾಗಿಲ ಮೇಲಾದರೂ ನನ್ನ ಹೆಸರಿರಲೆ?" ಎಂದೆ.

"ಅದಕ್ಕ ಸ್ಟಾಂಪು ಬೇಕಾಗಿಲ್ಲ, ಹಚ್ಕೋರಿ" ಎಂದಳು.

ಅವಳ ಪಾಟಲಿ, ನನ್ನ ಪೋಸ್ಟಿನ ಠೇವಣಿ ಎಲ್ಲ ಕೂಡಿಸಿದರೂ 6 ಲಕ್ಷ ಕಡಿಮೆ ಬೀಳುತ್ತದೆ. ತಂದೆಯವರಿಗೆ ಇನ್ನೂ ಉತ್ತರ ಹೇಳಿಲ್ಲ.